ಟಪ್ ಎನ್ನುವ ಮೊದಲೇ ‘ಟಪ್’: ಟೈಮ್‌ಕೋಡ್ ಸಮೇತ ಕ್ಯಾಪ್ಷನ್ ಹೊರತೆಗೆಯುವಾಗ ಎಲ್ಲಿ ಎಡವುತ್ತಿದ್ದೇನೆ?

ಕೊನೆಬೆಂಚು (ಭಾನುವಾರ, ರಾತ್ರಿ 9:40)

ನಮಸ್ಕಾರ. ನಾನು ವಿಜ್ಞಾನ ಶಿಕ್ಷಕ. ವಿಡಿಯೊ ಸಂಕಲನ ಕಲಿತದ್ದು ಕೊರೋನಾ ಕಾಲದಲ್ಲಿ, ಬೇರೆ ದಾರಿ ಇಲ್ಲದೆ. ಈಗ ಕಿವಿ ಕೇಳಿಸದ ಮಕ್ಕಳ ವಸತಿ ಶಾಲೆಯೊಂದಕ್ಕೆ ಹತ್ತನೆಯ ತರಗತಿಯ ಪಾಠಗಳನ್ನು ಕನ್ನಡ ಕ್ಯಾಪ್ಷನ್ (ಮಾತು, ಸದ್ದುಗಳನ್ನು ಪರದೆಯ ಮೇಲೆ ತೋರಿಸುವ ಬರಹ) ಹಾಕಿ ತಯಾರಿಸಿಕೊಡುತ್ತಿದ್ದೇನೆ. ಮೊದಲ ಪಾಠವೇ 54 ನಿಮಿಷದ್ದು. ಒಟ್ಟು 640 ಕ್ಯಾಪ್ಷನ್. ಒಂದೊಂದನ್ನೂ ಕೈಯಾರೆ ಟೈಪ್ ಮಾಡಿ, ಮಾತಿಗೆ ಸರಿಯಾಗಿ ಕೂರಿಸಿದ್ದೇನೆ. ಸಂಕಲನ ತಂತ್ರಾಂಶದ ಒಳಗೆ ನೋಡಿದರೆ ಎಲ್ಲವೂ ಸರಿಯಾಗಿದೆ.

ತೊಂದರೆ ಶುರುವಾಗಿದ್ದು ಹೊರತೆಗೆದ ಮೇಲೆ. ಎಸ್‌ಆರ್‌ಟಿ ಕಡತ (ಕ್ಯಾಪ್ಷನ್‌ಗಳೂ ಅವು ಬರುವ ಸಮಯವೂ ಇರುವ ಸಾದಾ ಪಠ್ಯ ಕಡತ) ತೆಗೆದರೆ ಮೊದಲ ಕ್ಯಾಪ್ಷನ್‌ನ ಸಮಯವೇ 01:00:04 ಎಂದಿತ್ತು. ಒಂದು ಗಂಟೆಯೂ ಇಲ್ಲದ ವಿಡಿಯೊದಲ್ಲಿ ಒಂದು ಗಂಟೆಯ ನಂತರ ಬರುವ ಕ್ಯಾಪ್ಷನ್! ಸರಿ ಎಂದು ಅದನ್ನು ಕೈಬಿಟ್ಟು, ಟೈಮ್‌ಕೋಡ್ (ವಿಡಿಯೊದ ಪ್ರತಿ ಕ್ಷಣಕ್ಕೂ ಇರುವ ಸಮಯದ ಗುರುತು) ಸಮೇತ ಪಠ್ಯದ ಪಟ್ಟಿಯನ್ನು ಹೊರತೆಗೆದೆ. ಅದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, 01 ಇದ್ದಲ್ಲಿ 00 ಮಾಡಿ, ಕೊನೆಯ ವಿಭಜಕ ಚಿಹ್ನೆಯ ಬದಲು ಅಲ್ಪವಿರಾಮ ಹಾಕಿ, ಮೂರು ಅಂಕಿ ಆಗಲೆಂದು ಕೊನೆಗೊಂದು ಸೊನ್ನೆ ಸೇರಿಸಿ ನಾನೇ ಎಸ್‌ಆರ್‌ಟಿ ಮಾಡಿದೆ.

ಪಾಠದ ಆರಂಭದಲ್ಲಿ ಏನೂ ತೊಂದರೆ ಇಲ್ಲ. ಕೊನೆಕೊನೆಗೆ ಬಂದಂತೆ ಕ್ಯಾಪ್ಷನ್ ಮಾತಿಗಿಂತ ಮುಂದೆ ಓಡುತ್ತದೆ. ಕೊನೆಯಲ್ಲಿ ಹೈಡ್ರೋಜನ್ ಪರೀಕ್ಷೆ ಇದೆ: ಸತುವಿನ ಚೂರುಗಳ ಮೇಲೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ, ಹೊರಬರುವ ಅನಿಲಕ್ಕೆ ಉರಿಯುವ ಕಡ್ಡಿ, ಟಪ್ ಎಂಬ ಸದ್ದು. ನನ್ನ ವಿಡಿಯೊದಲ್ಲಿ ಕಡ್ಡಿ ಇನ್ನೂ ಬೆಂಕಿಪೊಟ್ಟಣಕ್ಕೆ ತಾಗಿರುವುದಿಲ್ಲ, ಪರದೆಯ ಮೇಲೆ [ಟಪ್ ಎಂಬ ಸದ್ದು] ಬಂದು ಹೋಗಿರುತ್ತದೆ. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ.

ಮಲೆನಾಡ_ಮಳೆ (ಭಾನುವಾರ, ರಾತ್ರಿ 10:05)

ಇಷ್ಟೆಲ್ಲ ಒದ್ದಾಟ ಯಾಕೆ ಸ್ವಾಮಿ? ಕ್ಯಾಪ್ಷನ್‌ಗಳನ್ನು ವಿಡಿಯೊದ ಮೇಲೇ ಅಚ್ಚೊತ್ತಿಬಿಡಿ. ಚಿತ್ರದೊಳಗೆ ಸೇರಿಹೋದ ಮೇಲೆ ಅದು ಹಿಂದೆ ಮುಂದೆ ಓಡುವ ಪ್ರಶ್ನೆಯೇ ಇಲ್ಲ. ನಾನು ಮದುವೆ ವಿಡಿಯೊಗಳಿಗೆ ಹತ್ತು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ತುಟಿಓದು (ಭಾನುವಾರ, ರಾತ್ರಿ 10:31)

ಮದುವೆ ವಿಡಿಯೊದಲ್ಲಿ ಓದಬೇಕಾದದ್ದು ವಧೂವರರ ಹೆಸರು ಮಾತ್ರ. ಇದು ಪಾಠ. ನಾನು ಕಿವುಡಿ, ಶಾಲೆಯನ್ನು ತುಟಿ ಓದಿಯೇ ಮುಗಿಸಿದವಳು, ಹಾಗಾಗಿ ಅನುಭವದಿಂದಲೇ ಹೇಳುತ್ತೇನೆ. ಅಚ್ಚೊತ್ತಿದ ಅಕ್ಷರದ ಗಾತ್ರವನ್ನು ನಾನು ಹಿಗ್ಗಿಸಲಾರೆ, ಬಣ್ಣ ಬದಲಿಸಲಾರೆ, ಅದರ ಹಿಂದೆ ಅಡಗಿದ ಕಪ್ಪುಹಲಗೆಯ ಸಮೀಕರಣವನ್ನು ನೋಡಲು ಒಂದು ಕ್ಷಣ ಅದನ್ನು ಪಕ್ಕಕ್ಕೆ ಸರಿಸಲಾರೆ. ಒಂದು ಕಾಗುಣಿತ ತಪ್ಪಿದ್ದರೂ 54 ನಿಮಿಷದ ವಿಡಿಯೊವನ್ನು ಮತ್ತೆ ತಯಾರಿಸಬೇಕು. ಕ್ಯಾಪ್ಷನ್ ಬೇರೆ ಕಡತವಾಗಿದ್ದರೆ ಅದರೊಳಗೆ ಹುಡುಕಬಹುದು, ಅದನ್ನು ಮುದ್ರಿಸಿ ಟಿಪ್ಪಣಿಯಾಗಿಯೂ ಕೊಡಬಹುದು. ಶಿಕ್ಷಕರೇ, ಬೇರೆ ಕಡತದ ದಾರಿಯನ್ನು ಬಿಡಬೇಡಿ. ಸಮಯದ ಲೆಕ್ಕ ಬಲ್ಲವರು ಇಲ್ಲಿ ಇದ್ದಾರೆ.

ಕತ್ತರಿಕೋಣೆ (ಸೋಮವಾರ, ಬೆಳಿಗ್ಗೆ 7:15)

ಕೊನೆಬೆಂಚು ಅವರೇ, ಮದ್ದು ಹೇಳುವ ಮೊದಲು ಎರಡು ಪ್ರಶ್ನೆ.

ನಿಮ್ಮ ಟೈಮ್‌ಲೈನಿನ ಫ್ರೇಮ್ ದರ, ಅಂದರೆ ಸೆಕೆಂಡಿಗೆ ಓಡುವ ಚಿತ್ರಗಳ (ಫ್ರೇಮ್‌ಗಳ) ಸಂಖ್ಯೆ, ಎಷ್ಟು? ಪಟ್ಟಿಯಲ್ಲಿ ಫ್ರೇಮ್ ಸಂಖ್ಯೆಗೆ ಮೊದಲು ಇರುವುದು ಎರಡು ಚುಕ್ಕಿಯ ಕೋಲನ್ನೋ, ಅರ್ಧವಿರಾಮವೋ? ಚಿಕ್ಕ ವಿಷಯ ಅನಿಸಬಹುದು, ಆದರೆ ಇಡೀ ರೋಗ ಅಲ್ಲೇ ಇರಬಹುದು.

ಇದರ ಜೊತೆಗೆ ಒಂದು ಕೆಲಸ ಮಾಡಿ. 10ನೆಯ ನಿಮಿಷ, 26ನೆಯ ನಿಮಿಷ ಮತ್ತು ಕೊನೆಯಲ್ಲಿ ಕ್ಯಾಪ್ಷನ್ ಎಷ್ಟು ಮುಂದಿದೆ ಎಂದು ಅಳೆದು ಹೇಳಿ. ಐದು ನಿಮಿಷ ಮುಂದಿಟ್ಟ ಗಡಿಯಾರವೇ ಬೇರೆ, ದಿನಕ್ಕೆ ಐದು ನಿಮಿಷ ಮುಂದೆ ಓಡುವ ಗಡಿಯಾರವೇ ಬೇರೆ. ಮೊದಲನೆಯದಕ್ಕೆ ಮುಳ್ಳು ತಿರುಗಿಸಿದರೆ ಸಾಕು. ಎರಡನೆಯದಕ್ಕೆ ಒಳಗಿನ ಯಂತ್ರವನ್ನೇ ನೋಡಬೇಕು.

ಕೊನೆಬೆಂಚು (ಸೋಮವಾರ, ಮಧ್ಯಾಹ್ನ 1:20)

ಊಟದ ಬಿಡುವಿನಲ್ಲಿ ಅಳೆದೆ. ಫ್ರೇಮ್ ದರ 29.97 ಎಂದು ತೋರಿಸುತ್ತಿದೆ. ಅದನ್ನು ನಾನು ಆರಿಸಿದ್ದಲ್ಲ, ಮೊಬೈಲ್‌ನಲ್ಲಿ ತೆಗೆದ ವಿಡಿಯೊ ಹಾಕಿದಾಗ ತಂತ್ರಾಂಶವೇ ಆರಿಸಿಕೊಂಡಿದ್ದು. ಪಟ್ಟಿಯಲ್ಲಿ ಇರುವುದು ಕೋಲನ್. 10ನೆಯ ನಿಮಿಷದಲ್ಲಿ ಒಂದು ಸೆಕೆಂಡಿನೊಳಗೆ, 26ರಲ್ಲಿ ಎರಡರ ಆಸುಪಾಸು, ಕೊನೆಯಲ್ಲಿ ಮೂರೂವರೆ ಸೆಕೆಂಡಿಗೂ ಸ್ವಲ್ಪ ಹೆಚ್ಚು. ನೀವು ಹೇಳಿದ ಎರಡನೆಯ ಗಡಿಯಾರವೇ ನನ್ನದು.

‘ಟಪ್’ ಕ್ಯಾಪ್ಷನ್ 612ನೆಯದು. ಪಟ್ಟಿಯಲ್ಲಿ ಅದರ ಟೈಮ್‌ಕೋಡ್ 01:52:40:18. ನಾನು ಮಾಡಿಕೊಂಡದ್ದು 00:52:40,180.

ಕತ್ತರಿಕೋಣೆ (ಸೋಮವಾರ, ರಾತ್ರಿ 8:50)

ಸಿಕ್ಕಿತು. ನಿಮ್ಮ ಕಡತದಲ್ಲಿ ಮೂರು ಬೇರೆ ಬೇರೆ ತಪ್ಪುಗಳಿವೆ, ಒಂದರ ಬೆನ್ನ ಮೇಲೆ ಒಂದು ಕುಳಿತಿವೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಮೊದಲನೆಯದು ಆ ಒಂದು ಗಂಟೆ. ಅದು ತಂತ್ರಾಂಶದ ದೋಷವಲ್ಲ, ಟೀವಿ ಲೋಕದ ಹಳೆಯ ರೂಢಿ. ಟೇಪಿನ ಕಾಲದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ಬಣ್ಣದ ಪಟ್ಟಿ, ಬೀಪ್ ಸದ್ದು, ಎಣಿಕೆ ಎಲ್ಲ ಇರುತ್ತಿದ್ದವು. ಅವಕ್ಕೆ ಜಾಗ ಬಿಡಲು ನಿಜವಾದ ಕಾರ್ಯಕ್ರಮ ಸರಿಯಾಗಿ 01:00:00:00ಕ್ಕೆ ಶುರುವಾಗಬೇಕೆಂದು ಇಟ್ಟುಕೊಂಡಿದ್ದರು. ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದಲ್ಲಿ ಇಂದಿಗೂ ಹೊಸ ಟೈಮ್‌ಲೈನ್ ತೆರೆದರೆ ಅಲ್ಲಿಂದಲೇ ಎಣಿಕೆ ಶುರು. ಪ್ರೀಮಿಯರ್ ಎಂಬ ಇನ್ನೊಂದರಲ್ಲಿ ಸೊನ್ನೆಯಿಂದ. ಆರಂಭದ ಟೈಮ್‌ಕೋಡನ್ನು 00:00:00:00ಕ್ಕೆ ತಂದು ಎಸ್‌ಆರ್‌ಟಿಯನ್ನು ಮತ್ತೊಮ್ಮೆ ಹೊರತೆಗೆದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನೀವು ಸ್ಪ್ರೆಡ್‌ಶೀಟ್ ಎಂಬ ಕಾಡು ಹೊಕ್ಕಿರಿ.

ಎರಡನೆಯದು ಫ್ರೇಮ್. ಟೈಮ್‌ಕೋಡಿನ ಕೊನೆಯ ಎರಡು ಅಂಕಿಗಳು ಫ್ರೇಮ್ ಎಣಿಕೆ, ಸೆಕೆಂಡಿನ ಭಾಗವಲ್ಲ. ಎಸ್‌ಆರ್‌ಟಿಯಲ್ಲಿ ಅಲ್ಪವಿರಾಮದ ಮುಂದೆ ಇರಬೇಕಾದದ್ದು ಮಿಲಿಸೆಕೆಂಡು. 18ನೆಯ ಫ್ರೇಮ್ ಎಂದರೆ ಮೂವತ್ತರಲ್ಲಿ ಹದಿನೆಂಟು ಭಾಗ, ಸುಮಾರು 601 ಮಿಲಿಸೆಕೆಂಡು. ನೀವು ಬರೆದದ್ದು 180. ಇಲ್ಲೇ 0.42 ಸೆಕೆಂಡು ಹೋಯಿತು. ನಮ್ಮ ದೇಶದ ಟೀವಿಯ 25ರ ಲೆಕ್ಕದಲ್ಲಾದರೆ ಒಂದು ಫ್ರೇಮ್ 40 ಮಿಲಿಸೆಕೆಂಡು, ಬಾಯಿಲೆಕ್ಕದಲ್ಲೇ ಮಾಡಬಹುದು.

ಮೂರನೆಯದೇ ನಿಮ್ಮ ಓಡುವ ಗಡಿಯಾರ. 29.97 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಅಮೆರಿಕದ ಬಣ್ಣದ ಟೀವಿಯಿಂದ. 1953ರಲ್ಲಿ ಕಪ್ಪು-ಬಿಳುಪಿನ 30 ಫ್ರೇಮಿನ ವ್ಯವಸ್ಥೆಯೊಳಗೇ ಬಣ್ಣದ ಸಂಕೇತವನ್ನು ತುರುಕಲು ವೇಗವನ್ನು ಸಾವಿರದಲ್ಲೊಂದು ಪಾಲು ತಗ್ಗಿಸಿದರು. ಆದರೆ ಕೋಲನ್ ಇರುವ ಟೈಮ್‌ಕೋಡ್ ಮಾತ್ರ ಸೆಕೆಂಡಿಗೆ 30 ಫ್ರೇಮ್ ಎಂದೇ ಎಣಿಸುತ್ತಾ ಹೋಗುತ್ತದೆ. ಹೀಗಾಗಿ ಟೈಮ್‌ಕೋಡಿನಲ್ಲಿ ಒಂದು ಗಂಟೆ ತುಂಬುವಾಗ ಗೋಡೆ ಗಡಿಯಾರದಲ್ಲಿ ಒಂದು ಗಂಟೆ ಮೂರು ಸೆಕೆಂಡು ಆರುನೂರು ಮಿಲಿಸೆಕೆಂಡು ಆಗಿರುತ್ತದೆ. ಎಸ್‌ಆರ್‌ಟಿ ನಂಬುವುದು ಗೋಡೆ ಗಡಿಯಾರವನ್ನು.

ನಿಮ್ಮ 612ನೆಯದನ್ನೇ ತೆಗೆದುಕೊಳ್ಳಿ. 52 ನಿಮಿಷ 40 ಸೆಕೆಂಡು ಅಂದರೆ 3160 ಸೆಕೆಂಡು. ಅದನ್ನು 30ರಿಂದ ಗುಣಿಸಿ 18 ಕೂಡಿಸಿದರೆ 94,818ನೆಯ ಫ್ರೇಮ್. ಅದನ್ನು 1001ರಿಂದ ಗುಣಿಸಿ 30,000ದಿಂದ ಭಾಗಿಸಿ. 3163.761 ಸೆಕೆಂಡು ಬರುತ್ತದೆ. ಆಗ ಕ್ಯಾಪ್ಷನ್‌ನ ನಿಜವಾದ ಆರಂಭ:

612
00:52:43,761 --> 00:52:45,900
[ಟಪ್ ಎಂಬ ಸದ್ದು]

ನೀವು ಬರೆದದ್ದಕ್ಕೂ ಇದಕ್ಕೂ ಅಂತರ 3.58 ಸೆಕೆಂಡು. ನೀವು ಅಳೆದದ್ದೂ ಅಷ್ಟೇ ಅಲ್ಲವೇ? (ಮುಗಿಯುವ ಸಮಯವನ್ನು ನಾನು ಅಂದಾಜಿಗೆ ಹಾಕಿದ್ದೇನೆ, ನಿಮ್ಮ ಪಟ್ಟಿಯಿಂದ ತೆಗೆದುಕೊಳ್ಳಿ.)

ಇನ್ನೊಂದು ಮಾತು. ಮೊಬೈಲ್ ಕ್ಯಾಮೆರಾಗಳು ಬೆಳಕು ನೋಡಿಕೊಂಡು ಫ್ರೇಮ್ ದರವನ್ನು ಏರಿಳಿಸುತ್ತವೆ. ಸಂಕಲನಕ್ಕೆ ಮೊದಲೇ ಹ್ಯಾಂಡ್‌ಬ್ರೇಕ್‌ನಂತಹ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಪರಿವರ್ತಿಸಿಕೊಳ್ಳಿ. ಇಲ್ಲದಿದ್ದರೆ ಧ್ವನಿಯೇ ಚಿತ್ರದಿಂದ ಜಾರುತ್ತದೆ, ಆಗ ಕ್ಯಾಪ್ಷನ್ ಮೇಲೆ ಗೂಬೆ ಕೂರಿಸಿ ಪ್ರಯೋಜನವಿಲ್ಲ.

ಸಾಲು21 (ಸೋಮವಾರ, ರಾತ್ರಿ 11:58)

ಕತ್ತರಿಕೋಣೆ ಅವರು ಹೇಳಿದ್ದಕ್ಕೆ ಒಂದು ಬಾಲಂಗೋಚಿ. ನಾನು ಅಮೆರಿಕದಲ್ಲಿ ಟೀವಿ ಕ್ಯಾಪ್ಷನ್ ಕೆಲಸ ಮಾಡುವವನು. ಅರ್ಧವಿರಾಮ ಇರುವ ಟೈಮ್‌ಕೋಡಿಗೆ ಡ್ರಾಪ್ ಫ್ರೇಮ್ ಎನ್ನುತ್ತಾರೆ. ಹೆಸರು ಕೇಳಿ ಫ್ರೇಮನ್ನೇ ಎಸೆಯುತ್ತಾರೆ ಎಂದುಕೊಳ್ಳಬೇಡಿ, ಚಿತ್ರ ಒಂದೂ ಕಳೆಯುವುದಿಲ್ಲ. ಪ್ರತಿ ನಿಮಿಷದ ಆರಂಭದಲ್ಲಿ 00 ಮತ್ತು 01 ಎಂಬ ಎರಡು ಸಂಖ್ಯೆಗಳನ್ನು ಹಾರಿಸಿ ಎಣಿಸುತ್ತಾರೆ, ಹತ್ತನೆಯ, ಇಪ್ಪತ್ತನೆಯ ಹೀಗೆ ಹತ್ತರ ನಿಮಿಷಗಳನ್ನು ಬಿಟ್ಟು. ಗಂಟೆಗೆ 108 ಸಂಖ್ಯೆ ಹಾರಿಸಿದಾಗ ಆ 3.6 ಸೆಕೆಂಡು ಸರಿಹೋಗುತ್ತದೆ. ನಮ್ಮ ಪಂಚಾಂಗದಲ್ಲಿ ಕ್ಷಯ ತಿಥಿ ಇಲ್ಲವೇ, ಅದೇ ಜಾತಿಯದು.

ಹೊರತೆಗೆಯುವ ಪಟ್ಟಿಯಲ್ಲಿ ಎಸ್‌ಸಿಸಿ, ಸಿಇಎ-608 ಎಂಬ ಅಮೆರಿಕದ ಟೀವಿ ಕ್ಯಾಪ್ಷನ್ ರೂಪದ ಆಯ್ಕೆಗಳು ಕಂಡರೆ ಕನ್ನಡಕ್ಕೆ ಮುಟ್ಟಬೇಡಿ. ಅಮೆರಿಕದಲ್ಲಿ 1980ರ ಮಾರ್ಚ್ 16ರಂದು ಕ್ಲೋಸ್ಡ್ ಕ್ಯಾಪ್ಷನ್ (ನೋಡುಗರು ಬೇಕೆಂದಾಗ ಮಾತ್ರ ಕಾಣುವಂಥದ್ದು) ಪ್ರಸಾರ ಶುರುವಾದಾಗ ಚಿತ್ರದ 21ನೆಯ ಗೆರೆಯೊಳಗೆ ಅಕ್ಷರಗಳನ್ನು ಅಡಗಿಸಿ ಕಳುಹಿಸುತ್ತಿದ್ದರು. ನನ್ನ ಅಡ್ಡಹೆಸರು ಬಂದದ್ದು ಅಲ್ಲಿಂದ. ಆ ವ್ಯವಸ್ಥೆಗೆ ಗೊತ್ತಿರುವುದು ರೋಮನ್ ಲಿಪಿ, ಸಾಲಿಗೆ 32 ಅಕ್ಷರ. ‘ಕ’ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಕನ್ನಡಕ್ಕೆ ಎಸ್‌ಆರ್‌ಟಿ ಅಥವಾ ವೆಬ್‌ವಿಟಿಟಿ (ಜಾಲತಾಣಗಳಿಗೆಂದೇ ಇರುವ ಕ್ಯಾಪ್ಷನ್ ಕಡತ).

ಒತ್ತಕ್ಷರ (ಮಂಗಳವಾರ, ಬೆಳಿಗ್ಗೆ 6:30)

ಸಮಯದ ಲೆಕ್ಕ ಮುಗಿಯಿತಲ್ಲ, ಈಗ ಅಕ್ಷರದ ಲೆಕ್ಕ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ಮುಂದಿನ ಪ್ರಶ್ನೆ ಇದೇ ಆಗಿರುತ್ತದೆ.

ಶಾಲೆಯವರು ಕೊಟ್ಟ ಪಾಠದ ಪಠ್ಯ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅದು ಕನ್ನಡದಂತೆ ಕಾಣುತ್ತದೆ ಅಷ್ಟೇ, ಕನ್ನಡವಲ್ಲ. ಒಳಗಿರುವುದು ಕನ್ನಡದ ವೇಷ ತೊಟ್ಟ ರೋಮನ್ ಅಕ್ಷರ ಮತ್ತು ಚಿಹ್ನೆ. ಎಸ್‌ಆರ್‌ಟಿ ಕಡತದಲ್ಲಿ ಫಾಂಟ್ ಇರುವುದಿಲ್ಲ, ಬರೀ ಅಕ್ಷರ ಇರುತ್ತದೆ. ವೇಷ ಕಳಚಿದ ಕೂಡಲೇ ಚಿಹ್ನೆಗಳ ರಾಶಿ ಹೊರಬೀಳುತ್ತದೆ. ಮೊದಲು ಪರಿವರ್ತಕದಲ್ಲಿ ಹಾಕಿ, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ತನ್ನಿ, ತಂದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಓದಿ. ‘ಸೂರ್ಯ’, ‘ಕಾರ್ಯ’, ‘ವರ್ಷ’ ಇವೇ ಹೆಚ್ಚಾಗಿ ಕೆಡುವುದು.

ಉಳಿಸುವಾಗ ಯೂನಿಕೋಡಿನ ಕಡತ ರೂಪವಾದ ಯುಟಿಎಫ್-8 ಎಂದೇ ಉಳಿಸಿ. ನೋಟ್‌ಪ್ಯಾಡ್‌ನಲ್ಲಿ ಕನ್ನಡಕ್ಕೆ ಜಾಗವಿಲ್ಲದ ಆನ್ಸಿ ಎಂಬ ಹಳೆಯ ರೂಪವನ್ನು ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ, ಮತ್ತೆ ವಾಪಸು ಬರುವುದಿಲ್ಲ. ಒಬ್ಬರು ಎರಡು ವಾರದ ಕೆಲಸ ಹೀಗೆ ಕಳೆದುಕೊಂಡು ನನಗೆ ಕಡತ ಕಳುಹಿಸಿದ್ದರು. ಸಾಲುಸಾಲು ಪ್ರಶ್ನೆ. ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಶಾಲೆಯ ಜಾಲತಾಣದಲ್ಲಿ ಹಾಕುವುದಾದರೆ ವಿಟಿಟಿ, ಅಂದರೆ ಆ ವೆಬ್‌ವಿಟಿಟಿಯೇ ಬೇಕಾಗುತ್ತದೆ. ಎಸ್‌ಆರ್‌ಟಿಗೂ ಅದಕ್ಕೂ ಅಣ್ಣತಮ್ಮಂದಿರ ಹೋಲಿಕೆ. ಮೊದಲ ಸಾಲಿನಲ್ಲಿ ವೆಬ್‌ವಿಟಿಟಿ ಎಂಬ ಪದ ರೋಮನ್ ದೊಡ್ಡಕ್ಷರಗಳಲ್ಲಿ ಇರಬೇಕು, ಮಿಲಿಸೆಕೆಂಡಿನ ಮೊದಲು ಅಲ್ಪವಿರಾಮದ ಬದಲು ಚುಕ್ಕಿ ಇರಬೇಕು. ಆ ಅಲ್ಪವಿರಾಮ ಉಳಿದುಬಿಟ್ಟರೆ ಬ್ರೌಸರ್ ಆ ಕ್ಯಾಪ್ಷನ್ನನ್ನು ತೋರಿಸುವುದಿಲ್ಲ, ತಪ್ಪಾಗಿದೆ ಎಂದೂ ಹೇಳುವುದಿಲ್ಲ. ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಬೇಕಾದ ರೂಪದಲ್ಲಿ ಉಳಿಸಿದರೆ ಇದೆಲ್ಲ ತಾನಾಗಿ ಆಗುತ್ತದೆ. ಎಲ್ಲ ಸಮಯಗಳನ್ನು ಒಟ್ಟಿಗೆ ಸರಿಸುವುದು, ಫ್ರೇಮ್ ದರ ಬದಲಿಸುವುದು, ಎರಡೂ ಅದರಲ್ಲಿವೆ.

ಕೊನೆಬೆಂಚು (ಮಂಗಳವಾರ, ಸಂಜೆ 6:10)

ಆರಂಭದ ಟೈಮ್‌ಕೋಡನ್ನು ಸೊನ್ನೆಗೆ ತಂದು ಎಸ್‌ಆರ್‌ಟಿ ತೆಗೆದೆ. ಕೊನೆಯವರೆಗೂ ಸರಿಯಾಗಿ ಕೂತಿದೆ! 612ನೆಯದನ್ನು ತೆರೆದು ನೋಡಿದೆ, 00:52:43,761 ಎಂದೇ ಇದೆ. ಕತ್ತರಿಕೋಣೆ ಅವರೇ, ನಿಮಗೊಂದು ದೊಡ್ಡ ನಮಸ್ಕಾರ.

ಆದರೆ ಒತ್ತಕ್ಷರ ಅವರ ಬಾಯಲ್ಲಿ ಸಕ್ಕರೆ ಹಾಕಬೇಕೋ ಬೇವು ಹಾಕಬೇಕೋ ತಿಳಿಯುತ್ತಿಲ್ಲ. ಶಾಲೆಯಲ್ಲಿ ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲ, ಪೆನ್‌ಡ್ರೈವ್‌ನಲ್ಲಿ ಹಾಕಿ ಟೀವಿಗೆ ಚುಚ್ಚುತ್ತಾರೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುವ ಕನ್ನಡ ಆ ಟೀವಿಯಲ್ಲಿ ಬರೀ ಚೌಕಗಳು. 640 ಕ್ಯಾಪ್ಷನ್, ಎಲ್ಲವೂ ಚೌಕ. ಸಮಯಕ್ಕೆ ಮಾತ್ರ ಕರಾರುವಾಕ್ಕಾಗಿ ಬರುತ್ತಿವೆ.

ಮಲೆನಾಡ_ಮಳೆ (ಮಂಗಳವಾರ, ಸಂಜೆ 6:22)

ನಾನು ಏನೂ ಹೇಳುವುದಿಲ್ಲ.

ಒತ್ತಕ್ಷರ (ಮಂಗಳವಾರ, ರಾತ್ರಿ 7:45)

ಟೀವಿಯೊಳಗಿನ ಪ್ಲೇಯರ್‌ಗೆ ಕನ್ನಡ ಫಾಂಟ್ ಇಲ್ಲ. ಹೊರಗಿನಿಂದ ಮಾಡುವಂಥದ್ದು ಏನೂ ಇಲ್ಲ. ಲ್ಯಾಪ್‌ಟಾಪನ್ನೇ ಎಚ್‌ಡಿಎಂಐ ತಂತಿಯಿಂದ ಟೀವಿಗೆ ಜೋಡಿಸಿ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್‌ನಲ್ಲಿ ಆಡಿಸಬಹುದು. ವಿಡಿಯೊ ಮತ್ತು ಎಸ್‌ಆರ್‌ಟಿಗೆ ಒಂದೇ ಹೆಸರಿಟ್ಟು ಒಂದೇ ಫೋಲ್ಡರಿನಲ್ಲಿಟ್ಟರೆ ಅದೇ ಹುಡುಕಿಕೊಳ್ಳುತ್ತದೆ. ತಂತಿಯೂ ಇಲ್ಲದಿದ್ದರೆ, ಒಪ್ಪಿಕೊಳ್ಳಲು ಕಷ್ಟವಾದರೂ, ಆ ಟೀವಿಗಾಗಿ ಒಂದು ಅಚ್ಚೊತ್ತಿದ ಪ್ರತಿ ಮಾಡಿ. ಮೂಲ ಎಸ್‌ಆರ್‌ಟಿಯನ್ನು ಮಾತ್ರ ಎಸೆಯಬೇಡಿ.

ಅಚ್ಚೊತ್ತುವಾಗಲೂ ಎಡವುವ ಜಾಗ ಒಂದಿದೆ. ಪ್ರೀಮಿಯರ್‌ನ ಆದ್ಯತೆಗಳಲ್ಲಿ ಗ್ರಾಫಿಕ್ಸ್ ಎಂಬಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ಎಂಜಿನ್ ಆರಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ‘ಆಮ್ಲ’ ಎನ್ನುವುದು ‘ಆಮ್‌ಲ’ ಆಗುತ್ತದೆ. ವಿಜ್ಞಾನ ಪಾಠದಲ್ಲಿ ಈ ಪದ ಎಷ್ಟು ಸಲ ಬರುತ್ತದೆಂದು ನಿಮಗೇ ಗೊತ್ತು.

ತುಟಿಓದು (ಮಂಗಳವಾರ, ರಾತ್ರಿ 9:15)

ಪೆನ್‌ಡ್ರೈವ್ ಟೀವಿಯ ಮಟ್ಟಿಗೆ ನಾನೂ ಸೋಲೊಪ್ಪುತ್ತೇನೆ, ಮಲೆನಾಡಿನವರೇ. ಚೌಕಗಳಿಗಿಂತ ಅಚ್ಚೊತ್ತಿದ್ದು ಮೇಲು.

ಕಡತ ಸರಿಹೋಯಿತು ಎಂದ ಮಾತ್ರಕ್ಕೆ ಕ್ಯಾಪ್ಷನ್ ಸರಿಹೋಯಿತು ಎಂದಲ್ಲ. ಶಿಕ್ಷಕರೇ, ನೀವು ಕಳುಹಿಸಿದ ಹತ್ತು ನಿಮಿಷದ ತುಣುಕನ್ನು ನಾನು ಎರಡು ಸಲ ನೋಡಿದೆ. ಅನಿಸಿದ್ದನ್ನು ಹೇಳುತ್ತೇನೆ, ಬೇಸರಿಸಬೇಡಿ.

ನೀವು ಕಪ್ಪುಹಲಗೆಯ ಕಡೆ ತಿರುಗಿದಾಗ ನಿಮ್ಮ ತುಟಿ ನನಗೆ ಕಾಣುವುದಿಲ್ಲ. ಆಗ ನನಗೆ ಕ್ಯಾಪ್ಷನ್ ಒಂದೇ ಗತಿ. ಅಲ್ಲೇ ನೀವು ವೇಗವಾಗಿ ಮಾತಾಡಿ, ಮೂರು ಸಾಲು ತುಂಬಿಸಿ, ಎರಡು ಸೆಕೆಂಡಿನಲ್ಲಿ ಅಳಿಸಿಬಿಟ್ಟಿದ್ದೀರಿ. ಎರಡು ಸಾಲಿಗಿಂತ ಹೆಚ್ಚು ಬೇಡ. ಸಾಲು ಒಡೆಯುವಾಗ ಅರ್ಥ ಒಡೆಯದಂತೆ ನೋಡಿಕೊಳ್ಳಿ. ‘ಸತು ಆಮ್ಲದೊಂದಿಗೆ’ ಒಂದು ಸಾಲು, ‘ವರ್ತಿಸಿ ಲವಣ ಕೊಡುತ್ತದೆ’ ಇನ್ನೊಂದು. ನೀವು ‘ಸಲ್ಫ್ಯೂರಿಕ್’ ಅನ್ನು ಒಂದರಲ್ಲೂ ‘ಆಮ್ಲ’ವನ್ನು ಮುಂದಿನ ಕ್ಯಾಪ್ಷನ್ನಿನಲ್ಲೂ ಇಟ್ಟಿದ್ದೀರಿ. ನಾನು ಆಮ್ಲಕ್ಕಾಗಿ ಕಾಯುತ್ತಾ ಪ್ರನಾಳವನ್ನು ನೋಡುವುದನ್ನೇ ಮರೆತೆ.

ತಂತ್ರಾಂಶ ಹೇಳುವ ಅಕ್ಷರಗಳ ಎಣಿಕೆಯನ್ನು ಕುರುಡಾಗಿ ನಂಬಬೇಡಿ. ನಾವು ಒಂದು ಅಕ್ಷರವೆಂದು ಓದುವ ‘ಸ್ತ್ರೀ’ ಅದರ ಕಣ್ಣಿಗೆ ಆರು ಸಂಕೇತ. ಇಂಗ್ಲಿಷಿಗಾಗಿ ಮಾಡಿದ ಮಿತಿಯನ್ನು ಕನ್ನಡಕ್ಕೆ ಹಾಕಿದರೆ ಸುಮ್ಮನೆ ಕೆಂಪು ಬಣ್ಣದಲ್ಲಿ ಗದರುತ್ತದೆ. ನೀವೇ ಧ್ವನಿ ಮುಚ್ಚಿ ಓದಿ ನೋಡಿ. ಚಿತ್ರವನ್ನೂ ನೋಡಿ, ಅಕ್ಷರವನ್ನೂ ಓದಿ ಮುಗಿಸಲು ನಿಮಗೇ ಆಗದಿದ್ದರೆ ಮಕ್ಕಳಿಗೂ ಆಗದು.

ಕೊನೆಯದಾಗಿ, ಆ ಶಾಲೆಯ ಮಕ್ಕಳಲ್ಲಿ ಹಲವರಿಗೆ ಮೊದಲ ಭಾಷೆ ಸಂಜ್ಞೆ ಭಾಷೆ ಆಗಿರಬಹುದು. ಕನ್ನಡ ಅವರಿಗೆ ಪುಸ್ತಕದಿಂದ ಕಲಿತ ಎರಡನೆಯ ಭಾಷೆ. ಕ್ಯಾಪ್ಷನ್ ಇದೆಯಲ್ಲ ಎಂದು ಸಂಜ್ಞೆಯಲ್ಲಿ ವಿವರಿಸುವ ಶಿಕ್ಷಕಿಯನ್ನು ತರಗತಿಯಿಂದ ಹೊರಗೆ ಕಳುಹಿಸದಂತೆ ಶಾಲೆಯವರಿಗೆ ಹೇಳಿ. ಇದು ನಡೆಯದ ಮಾತಲ್ಲ, ನಾನು ಕಂಡಿದ್ದೇನೆ.

ಸಾಲು21 (ಬುಧವಾರ, ನಸುಕಿನ 1:05)

ಯೂಟ್ಯೂಬಿಗೆ ಹಾಕುವಾಗ ಟೈಮಿಂಗ್ ಇರುವ ಕಡತ, ಇಲ್ಲದ ಕಡತ ಎಂದು ಎರಡು ಆಯ್ಕೆ ಕೇಳುತ್ತದೆ. ಇರುವುದನ್ನೇ ಆರಿಸಿ, ಭಾಷೆ ಕನ್ನಡ ಎಂದು ಗುರುತಿಸಿ. ಮೊದಲು ನೋಡುಗರೇ ಕ್ಯಾಪ್ಷನ್ ಬರೆದು ಸೇರಿಸುವ ಸೌಲಭ್ಯ ಅಲ್ಲಿತ್ತು, 2020ರ ಸೆಪ್ಟೆಂಬರ್‌ನಲ್ಲಿ ತೆಗೆದುಹಾಕಿದರು. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಲೆನಾಡ_ಮಳೆ (ಬುಧವಾರ, ಬೆಳಿಗ್ಗೆ 8:00)

ಒಂದು ನಿಜವಾದ ಪ್ರಶ್ನೆ, ತಕರಾರಲ್ಲ. ಇದನ್ನೆಲ್ಲ ಮಾಡಲೇಬೇಕೆಂದು ಕಾನೂನು ಇದೆಯೇ? ನನ್ನ ಗಿರಾಕಿಯೊಬ್ಬರು ಇಲಾಖೆಯೊಂದಕ್ಕೆ ವಿಡಿಯೊ ಮಾಡಿಕೊಡುತ್ತಾರೆ, ಕ್ಯಾಪ್ಷನ್ ದಂಡದ ಖರ್ಚು ಎನ್ನುತ್ತಾರೆ.

ಕತ್ತರಿಕೋಣೆ (ಬುಧವಾರ, ಬೆಳಿಗ್ಗೆ 9:10)

ಅಂಗವಿಕಲರ ಹಕ್ಕುಗಳ ಅಧಿನಿಯಮ 2016ರ 42ನೆಯ ಕಲಮನ್ನು ಅವರಿಗೆ ಓದಿಸಿ. ಶ್ರವ್ಯ, ಮುದ್ರಣ, ಎಲೆಕ್ಟ್ರಾನಿಕ್ ಮಾಧ್ಯಮಗಳ ವಿಷಯ ಎಲ್ಲರಿಗೂ ದಕ್ಕುವ ರೂಪದಲ್ಲಿ ಇರುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಅಲ್ಲಿದೆ, ಕ್ಯಾಪ್ಷನ್ ಮತ್ತು ಸಂಜ್ಞೆ ಭಾಷೆಯ ಹೆಸರೂ ಇದೆ. ಚಿತ್ರಮಂದಿರದ ಸಿನಿಮಾಗಳಿಗೆ 2024ರ ಮಾರ್ಚ್‌ನಲ್ಲಿ ಕೇಂದ್ರದ ಮಾರ್ಗಸೂಚಿ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಸೌಲಭ್ಯದ ಮಾನದಂಡಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದಿತು. ದಂಡದ ಖರ್ಚು ಎನ್ನುವವರಿಗೆ ಇಷ್ಟು ಸಾಕು.

ಕೊನೆಬೆಂಚು (ಶುಕ್ರವಾರ, ರಾತ್ರಿ 8:30)

ಇವತ್ತು ಶಾಲೆಯಲ್ಲಿ ಆಡಿಸಿದೆವು. ಸಾಲುಗಳನ್ನು ಮತ್ತೆ ಒಡೆದು ಬರೆದದ್ದರಿಂದ 640 ಇದ್ದದ್ದು 702 ಆಗಿದೆ. ಲ್ಯಾಪ್‌ಟಾಪ್, ಎಚ್‌ಡಿಎಂಐ ತಂತಿ, ವಿಎಲ್‌ಸಿ. ಸಂಜ್ಞೆಯ ಶಿಕ್ಷಕಿ ಟೀವಿಯ ಪಕ್ಕದಲ್ಲೇ ನಿಂತಿದ್ದರು, ನಾನು ಕೇಳುವ ಮೊದಲೇ.

ಕಡ್ಡಿ ಗೀರಿತು, ಜ್ವಾಲೆ ಪ್ರನಾಳದ ಬಾಯಿಗೆ ಬಂತು, ಆ ಕ್ಷಣಕ್ಕೆ [ಟಪ್ ಎಂಬ ಸದ್ದು]. ಈ ಸಲ ಯಾರೂ ನಗಲಿಲ್ಲ. ಆದರೆ ಎರಡನೆಯ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿ ಶಿಕ್ಷಕಿಯ ಮೂಲಕ ಕೇಳಿದಳು: ಟಪ್ ಎಂದರೆ ಎಷ್ಟು ದೊಡ್ಡ ಸದ್ದು? ಬಾಗಿಲು ಹಾಕಿದಷ್ಟೋ, ಪಟಾಕಿಯಷ್ಟೋ? ನನಗೆ ಥಟ್ಟನೆ ಹೇಳಲಾಗಲಿಲ್ಲ. ತುಟಿಓದು ಅವರೇ, ಇದನ್ನು ಹೇಗೆ ಬರೆಯಲಿ?

ತುಟಿಓದು (ಶುಕ್ರವಾರ, ರಾತ್ರಿ 9:02)

ಅವಳನ್ನು ಕೇಳಿ ಬರೆಯಿರಿ, ನನ್ನನ್ನಲ್ಲ. ಬಾಗಿಲು ಬಡಿದರೆ ನೆಲ ಅದುರುತ್ತದೆ, ಪಟಾಕಿ ಎದೆಗೆ ತಾಗುತ್ತದೆ. ನಮಗೆ ಸದ್ದು ಎಂದರೆ ಇವೇ. ನಿಮ್ಮ ಟಪ್ ಇವೆರಡರಲ್ಲಿ ಯಾವುದರಂತೆಯೂ ಅಲ್ಲ ಎಂದಾದರೆ ಅದನ್ನೇ ಹೇಳಿ.

ಕೊನೆಬೆಂಚು (ಶನಿವಾರ, ಬೆಳಿಗ್ಗೆ 7:40)

ಹುಡುಗಿಯ ಅಂಗೈ ಮೇಲೆ ಬೆರಳಿನಿಂದ ಒಮ್ಮೆ ಮೆಲ್ಲಗೆ ತಟ್ಟಿ ತೋರಿಸುವಂತೆ ಶಿಕ್ಷಕಿಗೆ ಹೇಳಿದೆ. ‘ಇಷ್ಟೇನಾ?’ ಎಂದು ಕೇಳಿದಳಂತೆ, ಸ್ವಲ್ಪ ನಿರಾಸೆಯಿಂದ. ಕಡತ ತಿದ್ದಿದ್ದೇನೆ. ಹೊಸ ಎಣಿಕೆಯಲ್ಲಿ ಅದು 671ನೆಯದು, ಸಮಯ ಬದಲಾಗಿಲ್ಲ:

671
00:52:43,761 --> 00:52:46,300
[ಟಪ್: ಬೆರಳಲ್ಲಿ ತಟ್ಟಿದಷ್ಟು ಸಣ್ಣ ಸದ್ದು]

ಮುಂದಿನ ಪಾಠ ವಿದ್ಯುತ್. ಅದನ್ನು 25 ಫ್ರೇಮಿನಲ್ಲೇ ತೆಗೆಯುತ್ತೇನೆ.